ದುಡಿಯುವ ಕುದುರೆಯ ಉಪ್ಪಿನ ಲೆಕ್ಕ

ಚೆನ್ನಾಗಿ ದುಡಿದು ಬಂದ ಕುದುರೆಯ ಜೀನು ಇಳಿಸಿದಾಗ ಬೆನ್ನಿನ ಮೇಲೆ, ಲಗಾಮು ಉಜ್ಜಿದ ಕತ್ತಿನ ಪಕ್ಕದಲ್ಲಿ, ಹಿಂತೊಡೆಗಳ ನಡುವೆ ಬೆಳ್ಳನೆಯ ನೊರೆ ಕಟ್ಟಿರುತ್ತದೆ. ಲ್ಯಾದರಿನ್ ಎಂಬ ಪ್ರೋಟೀನು ಆ ನೊರೆಗೆ ಕಾರಣ. ಕುದುರೆಯ ಮೈಗೂದಲಿನ ಜಿಡ್ಡು ನೀರನ್ನು ಹತ್ತಿರ ಸೇರಿಸುವುದಿಲ್ಲ. ಲ್ಯಾದರಿನ್ ಆ ಕೂದಲನ್ನು ತೋಯಿಸಿ, ಬೆವರು ಚರ್ಮದಿಂದ ಕೂದಲ ತುದಿಯವರೆಗೆ ಹರಡಿಕೊಂಡು ಬೇಗ ಆವಿಯಾಗುವಂತೆ ಮಾಡುತ್ತದೆ. ನೊರೆ ಆರಿದ ಮೇಲೆ ಮೈಮೇಲೆ ಬಿಳಿಯ ಪುಡಿ ಉಳಿಯುತ್ತದೆ. ಬ್ರಷ್ ಆಡಿಸಿದರೆ ಗಾಳಿಯಲ್ಲಿ ಹಾರುವ ಆ ಪುಡಿಯಲ್ಲಿ ಬಹುಪಾಲು ಉಪ್ಪು. ದಿನವೂ ಅದನ್ನು ಉಜ್ಜಿ ತೆಗೆಯುವವರು ಎಷ್ಟೋ ಜನ. ಅದನ್ನು ಮರಳಿ ತುಂಬಿಸುವ ಲೆಕ್ಕ ಇಡುವವರು ಕಡಿಮೆ.

ಮನುಷ್ಯರಂತೆ ಮೈತುಂಬ ಬೆವರಿ ತಂಪಾಗುವ ಪ್ರಾಣಿಗಳು ಬಹಳ ಇಲ್ಲ. ಆ ಕೆಲವರಲ್ಲಿ ಕುದುರೆಯೂ ಒಂದು. ಆದರೆ ನಮ್ಮ ಬೆವರಿಗೂ ಅದರ ಬೆವರಿಗೂ ಇರುವ ವ್ಯತ್ಯಾಸವನ್ನು ತಿಳಿಯದೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ನಮ್ಮ ಬೆವರು ರಕ್ತಕ್ಕಿಂತ ತೆಳು. ಬೆವರು ಗ್ರಂಥಿಗಳು ಉಪ್ಪಿನ ಒಂದಷ್ಟು ಪಾಲನ್ನು ಹಿಂದಕ್ಕೆ ಎಳೆದುಕೊಂಡು ಹೆಚ್ಚಾಗಿ ನೀರನ್ನೇ ಹೊರಗೆ ಬಿಡುತ್ತವೆ. ಕುದುರೆಯ ಬೆವರು ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಗಾಢ. ಒಂದು ಲೀಟರ್ ಬೆವರಿನಲ್ಲಿ ಸುಮಾರು 3ರಿಂದ 3.5 ಗ್ರಾಂ ಸೋಡಿಯಂ, 5.3ರಿಂದ 6 ಗ್ರಾಂ ಕ್ಲೋರೈಡ್, 1.2ರಿಂದ 1.6 ಗ್ರಾಂ ಪೊಟ್ಯಾಸಿಯಂ ಹೋಗುತ್ತದೆ. ಕ್ಯಾಲ್ಸಿಯಂ 0.1 ಗ್ರಾಂ ಆಸುಪಾಸು, ಮೆಗ್ನೀಸಿಯಂ ಅದರ ಅರ್ಧ. ಒಟ್ಟಿನಲ್ಲಿ ಲೀಟರಿಗೆ ಸುಮಾರು 10 ಗ್ರಾಂ.

ಇನ್ನು ಪ್ರಮಾಣ. ಸ್ನಾಯು ಸುಡುವ ಶಕ್ತಿಯಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಬಿಸಿಯಾಗಿ ಹೊರಬೀಳುತ್ತದೆ, ಓಟಕ್ಕೆ ಸಿಗುವುದು ಉಳಿದ ಪಾಲು ಮಾತ್ರ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಬಿಸಿಯನ್ನು ಒಯ್ಯುತ್ತದೆ. 500 ಕಿಲೋ ತೂಗುವ, ಅಷ್ಟು ದೊಡ್ಡ ಸ್ನಾಯುಗಳ ಮೈಗೆ ಬಿಸಿಲಿನಲ್ಲಿ ಕಠಿಣ ದುಡಿಮೆ ಬಿದ್ದರೆ ಗಂಟೆಗೆ 10ರಿಂದ 15 ಲೀಟರ್ ಬೆವರು ಸುರಿಯುವುದು ಸಹಜ. ಎಂದರೆ ಗಂಟೆಗೆ 100 ಗ್ರಾಂ ಮೀರಿದ ಲವಣ. ನಮ್ಮ ಮೈಯ ಅನುಭವದಿಂದ ಕುದುರೆಯ ಉಪ್ಪಿನ ಅಗತ್ಯವನ್ನು ಊಹಿಸಲು ಹೋದರೆ ಅಂದಾಜು ಎಲ್ಲಿಯೂ ನಿಲ್ಲುವುದಿಲ್ಲ.

ನನ್ನನ್ನು ಬಹಳ ಕಾಡುವುದು ಇದರ ಒಂದು ಪರಿಣಾಮ. ನಮ್ಮ ಬೆವರು ತೆಳುವಾದ್ದರಿಂದ, ಬೆವರಿದಷ್ಟೂ ನಮ್ಮ ರಕ್ತ ಗಾಢವಾಗುತ್ತದೆ. ಮಿದುಳು ಅದನ್ನು ಕೂಡಲೇ ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ. ಕುದುರೆಯ ರಕ್ತದಿಂದ ನೀರೂ ಉಪ್ಪೂ ಒಂದೇ ಅಳತೆಯಲ್ಲಿ ಹೊರಟುಹೋಗುವುದರಿಂದ ಉಳಿದ ರಕ್ತದ ಗಾಢತೆ ಹೆಚ್ಚು ಬದಲಾಗುವುದಿಲ್ಲ. ಮೈಯಲ್ಲಿ 20 ಲೀಟರ್ ಕೊರತೆ ಇದ್ದರೂ ಬಾಯಾರಿಕೆಯ ಕರೆ ಕೇಳಿಸದೆ ಹೋಗಬಹುದು. ತುಂಬಿದ ಬಕೆಟ್ ಮುಂದಿದ್ದರೂ ಮೂತಿ ಅದ್ದಿ ಹಾಗೆಯೇ ತಲೆ ಎತ್ತುವ ಕುದುರೆಯನ್ನು ಕಂಡು ‘ಅದಕ್ಕೆ ನೀರು ಬೇಕಾಗಿಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಆ ಹೊತ್ತಿನಲ್ಲಿ ಅದಕ್ಕೆ ಬೇಕಾಗಿರುವುದು ಮೊದಲು ಉಪ್ಪು. ಉಪ್ಪು ಒಳಗೆ ಹೋದರೆ ನೀರಿನ ಬಯಕೆ ತಾನಾಗಿ ಬರುತ್ತದೆ.

ಇದೇ ಕಾರಣಕ್ಕೆ ರಕ್ತ ಪರೀಕ್ಷೆಯ ಒಂದು ಹಾಳೆ ನೋಡಿ ಸಮಾಧಾನಪಡುವುದನ್ನು ನಾನು ಒಪ್ಪುವುದಿಲ್ಲ. ನೀರು ಮತ್ತು ಸೋಡಿಯಂ ಜೊತೆಯಾಗಿಯೇ ಕಳೆದಿರುವಾಗ ರಕ್ತದಲ್ಲಿನ ಸೋಡಿಯಂ ಪ್ರಮಾಣ ಸರಿಯಾಗಿಯೇ ಕಾಣುತ್ತದೆ. ಪೊಟ್ಯಾಸಿಯಂ ಬಹುತೇಕ ಪೂರ್ತಿಯಾಗಿ ಜೀವಕೋಶಗಳ ಒಳಗೆ ಇರುವಂಥದ್ದು, ರಕ್ತದಲ್ಲಿ ಸಿಗುವುದು ಅದರ ಸಣ್ಣ ಚೂರು. ಕಾಯಿಲೆ ಪತ್ತೆಗೆ ರಕ್ತ ಪರೀಕ್ಷೆ ಬೇಕೇ ಬೇಕು. ಆದರೆ ದಿನದಿನದ ಮೇವಿನಲ್ಲಿ ಉಪ್ಪು ಸಾಕಾಗಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ. ಕಾಗದ, ಪೆನ್ಸಿಲ್ ಹಿಡಿದು ಕೂರುವುದೇ ದಾರಿ.

ಕೂರುವಾಗ ಯಾವುದನ್ನು ಮೊದಲು ಹಿಡಿಯಬೇಕು? ಹೆಚ್ಚಿನವರು ಅಂಗಡಿಯಿಂದ ತಂದ ಎಲೆಕ್ಟ್ರೊಲೈಟ್ (ಬೆವರಿನಲ್ಲಿ ಹೋಗುವ ಲವಣಗಳ ಮಿಶ್ರಣ) ಡಬ್ಬಿಯಿಂದ ಆರಂಭಿಸುತ್ತಾರೆ: ‘ದಿನಕ್ಕೆ ಒಂದು ಅಳತೆ, ಹೆಚ್ಚು ಕೆಲಸವಿದ್ದರೆ ಎರಡು’. ಆ ಡಬ್ಬಿ ಮಾಡಿದವರಿಗೆ ನಿಮ್ಮ ಕುದುರೆ ಎಷ್ಟು ಬೆವರಿತು ಎಂಬುದು ಗೊತ್ತಿಲ್ಲ, ಅದು ಯಾವ ಹುಲ್ಲು ತಿನ್ನುತ್ತಿದೆ ಎಂಬುದೂ ಗೊತ್ತಿಲ್ಲ. ಮೊದಲು ಬೆವರು, ಆಮೇಲೆ ಹುಲ್ಲು, ಕೊನೆಗೆ ಡಬ್ಬಿ. ಈ ಕ್ರಮ ಹಿಡಿದರೆ ಬಹಳಷ್ಟು ಸಂದರ್ಭಗಳಲ್ಲಿ ಡಬ್ಬಿಯ ಅಗತ್ಯವೇ ಉಳಿಯುವುದಿಲ್ಲ. ನಾನು ಇಲ್ಲಿ ಹೇಳಬೇಕೆಂದಿರುವುದರ ತಿರುಳು ಇಷ್ಟೇ.

ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2007ರಲ್ಲಿ ಕುದುರೆಗಳ ಪೋಷಕಾಂಶಗಳ ಬಗ್ಗೆ ಪ್ರಕಟಿಸಿದ ಕೋಷ್ಟಕಗಳನ್ನು ಜಗತ್ತಿನಾದ್ಯಂತ ಆಧಾರವಾಗಿ ಬಳಸುತ್ತಾರೆ. ಅದರ ಪ್ರಕಾರ 500 ಕಿಲೋ ಕುದುರೆಗೆ ಕೆಲಸವಿಲ್ಲದ ದಿನ 10 ಗ್ರಾಂ ಸೋಡಿಯಂ, 40 ಗ್ರಾಂ ಕ್ಲೋರೈಡ್, 25 ಗ್ರಾಂ ಪೊಟ್ಯಾಸಿಯಂ ಬೇಕು. ‘ಅತಿ ಕಠಿಣ ಕೆಲಸ’ದ ಸಾಲಿಗೆ ಬಂದರೆ ಇವು ಕ್ರಮವಾಗಿ 41, 93 ಮತ್ತು 53 ಗ್ರಾಂ. ಈ ಸಂಖ್ಯೆಗಳನ್ನು ಹಾಗೆಯೇ ನಕಲು ಮಾಡಿಕೊಳ್ಳುವ ಬದಲು ಸ್ವಲ್ಪ ಬಿಡಿಸಿ ನೋಡಿ. ಸೋಡಿಯಂ 10ರಿಂದ 41ಕ್ಕೆ ಏರಿದೆ, 31 ಗ್ರಾಂ ಹೆಚ್ಚು. ಲೀಟರ್ ಬೆವರಿಗೆ 3.1 ಗ್ರಾಂ ಎಂದು ಹಿಡಿದರೆ ಅದು ಸರಿಯಾಗಿ 10 ಲೀಟರ್ ಬೆವರು. ಕ್ಲೋರೈಡ್‌ನ ಏರಿಕೆ 53 ಗ್ರಾಂ, ಲೀಟರಿಗೆ 5.3ರಂತೆ ಅದೂ 10 ಲೀಟರ್. ಪೊಟ್ಯಾಸಿಯಂ ಏರಿಕೆ 28 ಗ್ರಾಂ: ಲೀಟರಿಗೆ 1.4ರಂತೆ 14 ಗ್ರಾಂ ನಷ್ಟ, ತಿಂದದ್ದರಲ್ಲಿ ಅರ್ಧ ಮಾತ್ರ ಮೈಗೆ ಹತ್ತುತ್ತದೆ ಎಂಬ ಎಣಿಕೆಯಿಂದ ಅದರ ಎರಡು ಪಟ್ಟು.

ಕೋಷ್ಟಕದ ಅತ್ಯಂತ ಭಾರವಾದ ಸಾಲಿನ ಹಿಂದೆ ಅಡಗಿರುವುದು ದಿನಕ್ಕೆ 10 ಲೀಟರ್ ಬೆವರು ಮಾತ್ರ. ಸೆಕೆಯ ದಿನದಲ್ಲಿ ಕಠಿಣವಾಗಿ ದುಡಿಯುವ ಕುದುರೆ ಅದನ್ನು ಒಂದು ಗಂಟೆಯಲ್ಲಿ ಕಳೆಯಬಲ್ಲದು. ಹಾಗೆಯೇ, ಚಳಿಯ ಮುಂಜಾನೆ ತಾಲೀಮು ಮುಗಿಸಿ ಬಂದ ರೇಸ್ ಕುದುರೆ ಎಷ್ಟೇ ವೇಗವಾಗಿ ಓಡಿದ್ದರೂ ಅಷ್ಟು ಬೆವರಿರಲಾರದು. ಕೆಲಸದ ಹೆಸರು ನೋಡಿ ಸಾಲು ಆರಿಸಿಕೊಂಡರೆ ಇಬ್ಬರಿಗೂ ತಪ್ಪು ಅಳತೆ ಸಿಗುತ್ತದೆ. ಒಳಗಿನ ಸೂತ್ರವನ್ನು ಹೊರಗೆ ತೆಗೆದು ನಿಮ್ಮದೇ ಕುದುರೆಯ ಬೆವರನ್ನು ಅದರೊಳಗೆ ಇಟ್ಟರೆ ಲೆಕ್ಕ ನಿಮ್ಮದಾಗುತ್ತದೆ.

ಬೆವರನ್ನು ಅಳೆಯಲು ಎಲ್ಲಕ್ಕಿಂತ ಒಳ್ಳೆಯ ಸಾಧನ ತಕ್ಕಡಿ. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕುದುರೆಯನ್ನು ತೂಗಿ, ನಡುವೆ ಕುಡಿದ ನೀರನ್ನೂ ತಿಂದ ಮೇವನ್ನೂ ಸೇರಿಸಿಕೊಂಡರೆ ಒಂದು ಕಿಲೋ ಇಳಿಕೆಗೆ ಸುಮಾರು ಒಂದು ಲೀಟರ್ ದ್ರವ ಎಂದು ಹಿಡಿಯಬಹುದು. ಲದ್ದಿ, ಉಚ್ಚೆ, ಉಸಿರಿನ ಆವಿ ಇವೆಲ್ಲ ಅದರಲ್ಲಿ ಬೆರೆತಿರುತ್ತವೆ ಎಂಬುದನ್ನು ಮರೆಯದಿದ್ದರೆ ಸಾಕು. ತಕ್ಕಡಿ ಇಲ್ಲದ ಕಡೆ ಕಣ್ಣಿನ ಅಂದಾಜಿಗೂ ಒಂದು ಶಿಸ್ತು ಇದೆ. ಜೀನಿನ ಅಡಿ ಅಂಟಂಟಾಗಿ ಕೂದಲು ಕಪ್ಪಾಗಿದ್ದು ಪಕ್ಕೆ ತುಸು ಜಿಗುಟಾಗಿದ್ದರೆ 1ರಿಂದ 4 ಲೀಟರ್. ಜೀನಿನ ಜಾಗ, ಗಂಟಲು ಒದ್ದೆಯಾಗಿ ಜೀನಿನ ಅಂಚಿನಲ್ಲಿ ಸಣ್ಣಗೆ ನೊರೆ ಕಂಡರೆ 4ರಿಂದ 7. ಪಕ್ಕೆಯೂ ಒಂದೇ ಸಮನೆ ಒದ್ದೆಯಾಗಿ ಲಗಾಮಿನ ಕೆಳಗೂ ನೊರೆ ಬಂದಿದ್ದರೆ 7ರಿಂದ 9. ಕಣ್ಣಿನ ಮೇಲಿನ ಸುಕ್ಕುಗಳೂ ತೇವವಾದರೆ 9ರಿಂದ 12. ಕಣ್ಣಿನ ಮೇಲಿಂದ, ಹೊಟ್ಟೆಯ ಕೆಳಗಿಂದ ತೊಟ್ಟಿಕ್ಕುತ್ತಿದ್ದರೆ 12ಕ್ಕಿಂತ ಹೆಚ್ಚು, 18ರವರೆಗೂ ಹೋಗಬಹುದು. ಇದು ಸುಮಾರು 500 ಕಿಲೋ ಕುದುರೆಗೆ ಒಪ್ಪುವ ಅಂದಾಜು. ಒಣ ಗಾಳಿ ಬೀಸುವ ಕಡೆ ಬೆವರು ಬಂದ ಹಾಗೆಯೇ ಆರಿಹೋಗುತ್ತದೆ, ಕುದುರೆ ಒಣಗಿದಂತೆ ಕಂಡರೂ ಬಹಳ ಕಳೆದಿರುತ್ತದೆ. ತೇವದ ಗಾಳಿಯಲ್ಲಿ ಬೆವರು ಆವಿಯಾಗದೆ ಹನಿಯಾಗಿ ನೆಲಕ್ಕೆ ಬೀಳುತ್ತದೆ. ಹಾಗೆ ಬಿದ್ದ ಬೆವರು ಮೈಯನ್ನು ತಣಿಸುವುದಿಲ್ಲ, ಉಪ್ಪನ್ನು ಮಾತ್ರ ಒಯ್ಯುತ್ತದೆ. ಅದಕ್ಕಾಗಿ ಮೈ ಇನ್ನಷ್ಟು ಬೆವರುತ್ತದೆ. ಎರಡರಲ್ಲಿ ನಾನು ಹೆಚ್ಚು ಹೆದರುವುದು ತೇವದ ಸೆಕೆಗೆ.

ಒಂದು ಲೆಕ್ಕವನ್ನು ಪೂರ್ತಿ ಮಾಡಿಯೇ ನೋಡೋಣ. 500 ಕಿಲೋ ಕುದುರೆ, ಆ ದಿನ 8 ಲೀಟರ್ ಬೆವರಿದೆ. ಸೋಡಿಯಂ ಅಗತ್ಯ: ದಿನದ 10 ಗ್ರಾಂ, ಬೆವರಿನದು 8ಕ್ಕೆ 3.1ರಂತೆ 25, ಒಟ್ಟು 35 ಗ್ರಾಂ. ಕ್ಲೋರೈಡ್: 40ಕ್ಕೆ 42 ಸೇರಿ 82. ಪೊಟ್ಯಾಸಿಯಂ: 25ಕ್ಕೆ, ಹೀರುವಿಕೆಯ ಅರ್ಧವನ್ನು ಲೆಕ್ಕ ಹಿಡಿದು, 22 ಸೇರಿ 47.

ಈಗ ಹುಲ್ಲು. ತೇವ ಕಳೆದು 8 ಕಿಲೋ ಒಣಹುಲ್ಲು ತಿನ್ನುತ್ತಿದೆ ಎನ್ನೋಣ. ಸಾಧಾರಣ ಒಣಹುಲ್ಲಿನಲ್ಲಿ ಪೊಟ್ಯಾಸಿಯಂ ಶೇ. 1.8ರ ಆಸುಪಾಸು ಇದ್ದರೆ ಅದೊಂದರಿಂದಲೇ 144 ಗ್ರಾಂ ಬಂತು. ಬೇಕಾದುದರ ಮೂರು ಪಟ್ಟು! ಕ್ಲೋರೈಡ್ ಶೇ. 0.5 ಎಂದರೆ 40 ಗ್ರಾಂ. ಸೋಡಿಯಂ? ಹುಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಶೇ. 0.03 ಇದ್ದರೆ ಎರಡೂವರೆ ಗ್ರಾಂ ಕೂಡ ಆಗುವುದಿಲ್ಲ. ಮೇಲೆ ಎರಡು ಕಿಲೋ ಓಟ್ಸ್ ಹಾಕಿದರೂ ಸೋಡಿಯಂ ಕಡೆ ಹೇಳಿಕೊಳ್ಳುವಂಥದ್ದು ಏನೂ ಸೇರುವುದಿಲ್ಲ. ಉಳಿದ ಕೊರತೆ: ಸೋಡಿಯಂ ಸುಮಾರು 32, ಕ್ಲೋರೈಡ್ ಸುಮಾರು 40.

ಅಡುಗೆ ಉಪ್ಪಿನಲ್ಲಿ ತೂಕದ ಶೇ. 39 ಸೋಡಿಯಂ, ಶೇ. 61 ಕ್ಲೋರೈಡ್. 80 ಗ್ರಾಂ ಉಪ್ಪು ಹಾಕಿದರೆ 31 ಗ್ರಾಂ ಸೋಡಿಯಂ, 48 ಗ್ರಾಂ ಕ್ಲೋರೈಡ್ ಬಂತು. ಕೊರತೆ ಮುಗಿಯಿತು. ಬಣ್ಣದ ಡಬ್ಬಿ, ವಿಶೇಷ ಮಿಶ್ರಣ ಯಾವುದೂ ಬೇಕಾಗಲಿಲ್ಲ. ಹೊಟ್ಟೆ ತುಂಬ ಒಣಹುಲ್ಲು ತಿನ್ನುವ, ಮರುದಿನದೊಳಗೆ ಚೇತರಿಸಿಕೊಳ್ಳಲು ಸಮಯ ಇರುವ ಕುದುರೆಗೆ ಎಲೆಕ್ಟ್ರೊಲೈಟ್ ಎಂದರೆ ಮುಕ್ಕಾಲುಪಾಲು ಸಂದರ್ಭದಲ್ಲಿ ಸಾದಾ ಉಪ್ಪು ಎಂದೇ ಅರ್ಥ. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ. ಯಾಕೆಂದರೆ ಎಷ್ಟೋ ಡಬ್ಬಿಗಳಲ್ಲಿ ಮೊದಲ ಪದಾರ್ಥ ಸಕ್ಕರೆ ಅಥವಾ ಡೆಕ್ಸ್‌ಟ್ರೋಸ್. ಚೀಟಿಯಲ್ಲಿ ಒಂದು ಅಳತೆಗೆ ಎಷ್ಟು ಗ್ರಾಂ ಸೋಡಿಯಂ ಎಂಬುದನ್ನು ಓದಿ, ಅದನ್ನು ಬೆವರಿನ ಲೀಟರುಗಳಾಗಿ ಭಾಗಿಸಿ. ಅರ್ಧ ಲೀಟರ್ ಬೆವರನ್ನೂ ತುಂಬಿಸದ ಅಳತೆಗಳು ಎದುರಾದರೆ ಆಶ್ಚರ್ಯಪಡಬೇಡಿ.

ಉಪ್ಪನ್ನು ತೂಗಿಯೇ ಹಾಕಿ, ಚಮಚದ ಅಂದಾಜು ಬೇಡ. ಒಮ್ಮೆಗೇ 80 ಗ್ರಾಂ ಸುರಿದರೆ ಬಹಳ ಕುದುರೆಗಳು ಬಾನಿಯಿಂದ ಮೂತಿ ಎತ್ತುತ್ತವೆ. 10 ಗ್ರಾಂನಿಂದ ಆರಂಭಿಸಿ ಒಂದೆರಡು ವಾರದಲ್ಲಿ ಏರಿಸಿ, ಎರಡು ಮೂರು ಹೊತ್ತಿಗೆ ಹಂಚಿ, ನೆನೆಸಿದ ಮೇವಿನಲ್ಲಿ ಕಲಸಿ ಕೊಟ್ಟರೆ ಒಪ್ಪಿಕೊಳ್ಳುತ್ತವೆ. ಲಾಯದ ಮೂಲೆಯಲ್ಲಿ ಕಟ್ಟಿದ ಉಪ್ಪಿನ ಗಟ್ಟಿಯನ್ನು ನಂಬಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಕುದುರೆಯ ನಾಲಗೆ ದನದ ನಾಲಗೆಯಂತೆ ಒರಟಲ್ಲ, ಗಟ್ಟಿಯನ್ನು ನೆಕ್ಕಿ ದಿನಕ್ಕೆ 80 ಗ್ರಾಂ ಪಡೆಯುವುದು ಅದಕ್ಕೆ ದೊಡ್ಡ ಕೆಲಸ. ಒಂದು ಕುದುರೆ ಬೇಸರಕ್ಕೆ ಕಚ್ಚಿ ಮುಗಿಸುತ್ತದೆ, ಪಕ್ಕದ್ದು ತಿಂಗಳುಗಟ್ಟಲೆ ಮುಟ್ಟುವುದಿಲ್ಲ. ಗಟ್ಟಿ ಇರಲಿ, ಅದರ ಜೊತೆ ಒಂದು ಬೋಗುಣಿಯಲ್ಲಿ ಪುಡಿ ಉಪ್ಪೂ ಇರಲಿ. ಕೆಲಸವಿಲ್ಲದ ದಿನಕ್ಕೂ 20ರಿಂದ 25 ಗ್ರಾಂ ಬೇಕೇ ಬೇಕು ಎಂಬುದು ಮೇಲಿನ ಲೆಕ್ಕದಿಂದಲೇ ಹೊರಡುತ್ತದೆ.

ಹಾಗಾದರೆ ಪೊಟ್ಯಾಸಿಯಂ ಇರುವ ಮಿಶ್ರಣ ಯಾವಾಗ ಬೇಕು? ಹುಲ್ಲಿಗೂ ಬೆವರಿಗೂ ನಡುವಿನ ಸಮಯ ಕಡಿದುಹೋದಾಗ. 160 ಕಿಲೋಮೀಟರ್ ದೂರದ ಎಂಡ್ಯೂರೆನ್ಸ್ ಸವಾರಿಯಲ್ಲಿ ಕುದುರೆ ಇಡೀ ದಿನ ನಡೆಯುತ್ತ ಓಡುತ್ತ ಇರುತ್ತದೆ, ತಿನ್ನಲು ಸಿಗುವುದು ತಂಗುವ ಜಾಗಗಳಲ್ಲಿ ಮಾತ್ರ. 30 ಲೀಟರ್ ಬೆವರಿದರೆ ಸೋಡಿಯಂ 93 ಗ್ರಾಂ, ಕ್ಲೋರೈಡ್ 159, ಪೊಟ್ಯಾಸಿಯಂ 42 ಹೋಯಿತು. ಇಲ್ಲಿ ಉಪ್ಪು ಮೂರು ಪಾಲು, ಪೊಟ್ಯಾಸಿಯಂ ಕ್ಲೋರೈಡ್ ಒಂದು ಪಾಲು ಸೇರಿಸಿದ ಸರಳ ಮಿಶ್ರಣ ಚೆನ್ನಾಗಿ ಹೊಂದುತ್ತದೆ. 40 ಗ್ರಾಂ ಮಿಶ್ರಣದಲ್ಲಿ ಸುಮಾರು 12 ಗ್ರಾಂ ಸೋಡಿಯಂ, 5 ಗ್ರಾಂ ಪೊಟ್ಯಾಸಿಯಂ, 23 ಗ್ರಾಂ ಕ್ಲೋರೈಡ್. ಬೆವರಿನೊಳಗಿನ ಅನುಪಾತಕ್ಕೆ ಇದು ಹತ್ತಿರ. ಕಳೆದದ್ದೆಲ್ಲವನ್ನೂ ದಾರಿಯಲ್ಲೇ ತುಂಬಿಸುವುದು ಆಗದ ಮಾತು. ಆ ಹಟ ಹಿಡಿದರೆ ಜಠರ ಕೆಡುತ್ತದೆ. ಕುದುರೆಗೆ ಬಾಯಾರಿಕೆ ಉಳಿಯಬೇಕು, ಕರುಳು ಸದ್ದು ಮಾಡುತ್ತಿರಬೇಕು, ತಂಗುವಲ್ಲಿ ಅದು ಹುಲ್ಲಿಗೆ ಬಾಯಿ ಹಾಕಬೇಕು, ಗುರಿ ಅಷ್ಟೇ. ಉಳಿದ ಸಾಲವನ್ನು ಮುಂದಿನ ಎರಡು ಮೂರು ದಿನಗಳ ಹುಲ್ಲು, ಉಪ್ಪು, ನೀರು ತೀರಿಸುತ್ತವೆ. ಹೈಪರ್‌ಕಲೀಮಿಕ್ ಪೀರಿಯಾಡಿಕ್ ಪ್ಯಾರಾಲಿಸಿಸ್ ಎಂಬ ವಂಶವಾಹಿ ತೊಂದರೆ ಇರುವ ಕ್ವಾರ್ಟರ್ ಹಾರ್ಸ್ ತಳಿಯ ಕೆಲವು ಕುದುರೆಗಳಿಗೆ ಹೆಚ್ಚಿನ ಪೊಟ್ಯಾಸಿಯಂ ಅಪಾಯ ತರುತ್ತದೆ. ಅವುಗಳ ಲೆಕ್ಕವನ್ನು ಪಶುವೈದ್ಯರ ಜೊತೆ ಕೂತೇ ಹಾಕಬೇಕು.

ಕ್ಲೋರೈಡ್‌ನ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಬೆವರಿನಲ್ಲಿ ತೂಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುವುದು ಅದೇ, ಮಾತಿನಲ್ಲಿ ಎಲ್ಲಕ್ಕಿಂತ ಕಡಿಮೆ ಬರುವುದೂ ಅದೇ. ಬಹಳ ಹೊತ್ತು ಬೆವರಿ ಕ್ಲೋರೈಡ್ ಕಳೆದುಕೊಂಡಾಗ ಮೂತ್ರಪಿಂಡಗಳು ಅದರ ಬದಲು ಬೈಕಾರ್ಬೊನೇಟನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರವಾದ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೆಚ್ಚಾಗಿ ಪ್ರೋಟೀನಿಗೆ ಅಂಟಿಕೊಂಡು, ನರ ಮತ್ತು ಸ್ನಾಯುಗಳಿಗೆ ಬೇಕಾದ ಬಿಡಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಆಗ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಿಗೆ, ಹೋಗುವ ನರ ಅತಿಯಾಗಿ ಕೆರಳುತ್ತದೆ. ಆ ನರ ಹೃದಯವನ್ನು ಒರಸಿಕೊಂಡೇ ಹಾದುಹೋಗುವುದರಿಂದ ಪ್ರತಿ ಹೃದಯ ಬಡಿತಕ್ಕೂ ವಪೆ ಎಗರುತ್ತದೆ, ಪಕ್ಕೆ ಅದೇ ತಾಳದಲ್ಲಿ ಕುಣಿಯುತ್ತದೆ. ಬಿಕ್ಕಳಿಕೆಯಂತೆ ಕಾಣುವ ಇದನ್ನು ಕಂಡ ಕ್ಷಣ ಸವಾರಿ ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು. ದೀರ್ಘ ದುಡಿಮೆಯ ಕುದುರೆಗೆ ಅಡುಗೆ ಸೋಡಾ ಇರುವ ಮಿಶ್ರಣ ಬೇಡ ಎನ್ನುವುದು ಇದೇ ಕಾರಣಕ್ಕೆ. ಈಗಾಗಲೇ ಕ್ಷಾರದ ಕಡೆ ವಾಲಿರುವ ರಕ್ತವನ್ನು ಅದು ಇನ್ನಷ್ಟು ಅದೇ ಕಡೆ ದೂಡುತ್ತದೆ.

ಕೊಡುವ ಹೊತ್ತಿನ ಬಗ್ಗೆಯೂ ಕೆಲವು ತಪ್ಪು ನಂಬಿಕೆಗಳಿವೆ. ಸ್ಪರ್ಧೆಗೆ ವಾರ ಮುಂಚಿನಿಂದ ಎರಡು ಪಟ್ಟು ಎಲೆಕ್ಟ್ರೊಲೈಟ್ ಹಾಕಿ ‘ಶೇಖರಿಸಿಡುವುದು’ ಸಾಧ್ಯವಿಲ್ಲ. ಬೇಡದ ಸೋಡಿಯಂ, ಪೊಟ್ಯಾಸಿಯಂಗಳನ್ನು ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ನಿಜವಾದ ಶೇಖರಣೆ ಇರುವುದು ದೊಡ್ಡ ಕರುಳಿನಲ್ಲಿ. ನಾರಿನ ಮೇವು ತಿಂದ ಕುದುರೆಯ ದೊಡ್ಡ ಕರುಳು ಮನೆಯ ಮೇಲಿನ ನೀರಿನ ತೊಟ್ಟಿಯ ಹಾಗೆ: ನೀರು, ಸೋಡಿಯಂ, ಪೊಟ್ಯಾಸಿಯಂ ಅಲ್ಲಿ ತುಂಬಿದ್ದು, ಕೆಲಸದ ಹೊತ್ತಿನಲ್ಲಿ ಮೈಗೆ ಇಳಿಯುತ್ತವೆ. ದೂರದ ಸವಾರಿಯ ಹಿಂದಿನ ದಿನ ಕುದುರೆ ಹೊಟ್ಟೆ ತುಂಬ ಹುಲ್ಲು ತಿಂದು, ತನ್ನ ಪಾಲಿನ ಉಪ್ಪು ತಿಂದು, ಚೆನ್ನಾಗಿ ನೀರು ಕುಡಿದಿರಲಿ. ಹಗುರಾಗಲಿ ಎಂದು ಹುಲ್ಲು ಕಡಿಮೆ ಮಾಡುವ ಅಭ್ಯಾಸ ಅಷ್ಟು ದೂರದ ದುಡಿಮೆಗೆ ಹೊಂದುವುದಿಲ್ಲ.

ಕೆಲಸ ಮುಗಿದ ಕೂಡಲೇ ನೀರು ಕೊಡಬಾರದು ಎಂಬ ಹಳೆಯ ಮಾತು ಇನ್ನೂ ಹೋಗಿಲ್ಲ. ಬಿಸಿಯೇರಿದ ಕುದುರೆಗೆ ಕೂಡಲೇ ನೀರು ಕೊಡಬಹುದು, ಕೊಡಬೇಕು. ಇನ್ನೂ ಒಂದು ಒಳ್ಳೆಯ ಉಪಾಯ ಇದೆ. ಮೊದಲ ಬಕೆಟ್ಟಿನಲ್ಲಿ ಲೀಟರಿಗೆ 9 ಗ್ರಾಂನಂತೆ ಉಪ್ಪು ಕರಗಿಸಿ ಕೊಡುವುದು. ರಕ್ತದಷ್ಟೇ ಉಪ್ಪಿರುವ ಆ ನೀರು ಕುಡಿದರೆ ರಕ್ತ ತೆಳುವಾಗುವುದಿಲ್ಲ, ಬಾಯಾರಿಕೆ ಆರಿಹೋಗುವುದಿಲ್ಲ. ಅದರ ನಂತರ ಸಾದಾ ನೀರನ್ನು ಅದು ಮುಂದುವರಿಸಿ ಕುಡಿಯುತ್ತದೆ. ಮೊದಲೇ ಸಾದಾ ನೀರು ಕುಡಿದ ಕುದುರೆ ಕೊರತೆ ತುಂಬುವ ಮೊದಲೇ ನಿಲ್ಲಿಸಿಬಿಡುವುದುಂಟು. ಉಪ್ಪುನೀರಿನ ಪಕ್ಕದಲ್ಲಿ ಸಾದಾ ನೀರಿನ ಬಕೆಟ್ ತಪ್ಪದೆ ಇರಬೇಕು, ಮತ್ತು ಈ ಅಭ್ಯಾಸವನ್ನು ಮನೆಯಲ್ಲಿಯೇ ಕಲಿಸಿರಬೇಕು. ಸ್ಪರ್ಧೆಯ ದಿನ ಹೊಸ ರುಚಿ ತೋರಿಸಿದರೆ ಮೂಸಿ ಬಿಟ್ಟುಬಿಡುತ್ತದೆ.

ಸಿರಿಂಜಿನಲ್ಲಿ ಬಾಯಿಗೆ ಹಾಕುವ ಗಾಢ ಪೇಸ್ಟಿನ ಬಗ್ಗೆ ನಾನು ಬಹಳ ಎಚ್ಚರ. ಗಂಟೆಗೊಮ್ಮೆ ಗಾಢ ಎಲೆಕ್ಟ್ರೊಲೈಟ್ ದ್ರಾವಣ ಕೊಡುತ್ತ ಹೋದಾಗ ಜಠರದ ಹುಣ್ಣುಗಳು ಹೆಚ್ಚಾಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಓಡುವ ಕುದುರೆಗಳಲ್ಲಿ ಹುಣ್ಣು ಮೊದಲೇ ಸಾಮಾನ್ಯ. ಗಾಢ ಉಪ್ಪು ಖಾಲಿ ಹೊಟ್ಟೆಗೆ ಬಿದ್ದರೆ ಅದನ್ನು ತೆಳುವಾಗಿಸಲು ಮೈಯೊಳಗಿನ ನೀರೇ ಕರುಳಿಗೆ ಹರಿಯುತ್ತದೆ, ಕೊರತೆ ಇರುವ ಕುದುರೆಯಿಂದ ಇನ್ನಷ್ಟು ನೀರು ಕಸಿದಂತಾಗುತ್ತದೆ. ಹಾಗಾಗಿ ನೀರು ಕುಡಿಯುತ್ತಿರುವ ಕುದುರೆಗೆ ಮಾತ್ರ, ಸ್ವಲ್ಪ ಮೇವು ತಿಂದ ಮೇಲೆ, ಸಣ್ಣ ಸಣ್ಣ ಪ್ರಮಾಣದಲ್ಲಿ. ನೀರೂ ಕುಡಿಯದೆ, ಮೇವೂ ಮುಟ್ಟದೆ, ತಲೆ ಜೋಲಿಸಿ ನಿಂತ ಕುದುರೆಗೆ ಪೇಸ್ಟ್ ಕೊಡಬೇಡಿ. ಅದಕ್ಕೆ ಬೇಕಾಗಿರುವುದು ಪಶುವೈದ್ಯರು ಹಾಕುವ ದ್ರವ.

ಇಷ್ಟು ಹೊತ್ತು ಬೆವರಿನ ಖನಿಜಗಳು. ಮೂಳೆಯ ಖನಿಜಗಳ ಲೆಕ್ಕ ಬೇರೆ ದಾರಿಯದು. 10 ಲೀಟರ್ ಬೆವರಿನಲ್ಲಿ ಹೋಗುವ ಕ್ಯಾಲ್ಸಿಯಂ ಒಂದೂವರೆ ಗ್ರಾಂ ಕೂಡ ಅಲ್ಲ. ಆದರೂ ಕೋಷ್ಟಕದಲ್ಲಿ ಕ್ಯಾಲ್ಸಿಯಂ 20ರಿಂದ 40 ಗ್ರಾಂಗೆ, ರಂಜಕ 14ರಿಂದ 29ಕ್ಕೆ, ಮೆಗ್ನೀಸಿಯಂ 7.5ರಿಂದ 15ಕ್ಕೆ ಏರುತ್ತದೆ. ಕೆಲಸದ ಹೊಡೆತಕ್ಕೆ ಮೂಳೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತ ಇರುವುದು ಇದಕ್ಕೆ ಮುಖ್ಯ ಕಾರಣ. ಇಲ್ಲಿ ಪ್ರಮಾಣದಷ್ಟೇ ಮುಖ್ಯವಾದದ್ದು ಅನುಪಾತ. ಕ್ಯಾಲ್ಸಿಯಂ ರಂಜಕದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಒಳ್ಳೆಯದು, ರಂಜಕಕ್ಕಿಂತ ಕಡಿಮೆ ಎಂದೂ ಆಗಬಾರದು. ಧಾನ್ಯಗಳಲ್ಲಿ ರಂಜಕ ಹೆಚ್ಚು, ಗೋಧಿ ಬೂಸಾದಲ್ಲಂತೂ ಒಂದು ಕಿಲೋಗೆ ಸುಮಾರು 12 ಗ್ರಾಂ ರಂಜಕ, ಕ್ಯಾಲ್ಸಿಯಂ ಒಂದೂಕಾಲು ಗ್ರಾಂ ಅಷ್ಟೇ. ಬಹುಕಾಲ ಬೂಸಾ ಮತ್ತು ಧಾನ್ಯವನ್ನೇ ನಂಬಿದ ಕುದುರೆಗಳ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮುಖದ ಮೂಳೆಗಳು ಮೆತ್ತಗಾಗಿ ಊದಿಕೊಳ್ಳುತ್ತವೆ. ಸೆಟೇರಿಯಾದಂಥ ಆಕ್ಸಲೇಟ್ ಹೆಚ್ಚಿರುವ ಉಷ್ಣವಲಯದ ಹುಲ್ಲುಗಳನ್ನು ಮೇಯುವ ಕುದುರೆಗಳಲ್ಲೂ ಇದೇ ಆಗುತ್ತದೆ. ಹುಲ್ಲಿನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತದೆ. ದಿನಕ್ಕೆ ಒಂದೆರಡು ಕಿಲೋ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಸೇರಿಸಿದರೆ, ಇಲ್ಲವೇ ಅಳತೆ ನೋಡಿ ಸುಣ್ಣದ ಕಲ್ಲಿನ ಪುಡಿ ಹಾಕಿದರೆ ಬಹುತೇಕ ಮೇವುಗಳ ಅನುಪಾತ ಸರಿಹೋಗುತ್ತದೆ.

ಅತಿ ಸಣ್ಣ ಪ್ರಮಾಣದ ಖನಿಜಗಳಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕಬ್ಬಿಣವನ್ನು ಬಿಡಿ, ತಾಮ್ರ ಮತ್ತು ಸತುವನ್ನು ನೋಡಿ. ಸ್ಪರ್ಧೆಯ ಕುದುರೆಗೆ ‘ರಕ್ತ ಹೆಚ್ಚಿಸುವ’ ಕಬ್ಬಿಣದ ಟಾನಿಕ್ ಕುಡಿಸುವುದು ಬಹಳ ಕಡೆ ರೂಢಿ. ದಿನಕ್ಕೆ 500 ಮಿಲಿಗ್ರಾಂ ಕಬ್ಬಿಣದ ಅಗತ್ಯವನ್ನು ಹುಲ್ಲು ಒಂದೇ ಹಲವು ಪಟ್ಟು ತುಂಬಿಸುತ್ತದೆ. ಕೊರತೆ ಇರುವುದು ಸಾಮಾನ್ಯವಾಗಿ ತಾಮ್ರ, ಸತುವಿನದು. ಕಠಿಣ ಕೆಲಸದ 500 ಕಿಲೋ ಕುದುರೆಗೆ ದಿನಕ್ಕೆ 125 ಮಿಲಿಗ್ರಾಂ ತಾಮ್ರ, 500 ಮಿಲಿಗ್ರಾಂ ಸತು ಬೇಕು. ಹಸಿರು ಮೇಯದೆ ಒಣಹುಲ್ಲಿನಲ್ಲೇ ಇರುವ ಕುದುರೆಗೆ 1,000 ಯೂನಿಟ್ ವಿಟಮಿನ್ ಇ ಕೂಡ ಬೇಕಾಗುತ್ತದೆ, ಹುಲ್ಲು ಒಣಗುವಾಗಲೇ ಅದು ಬಹುಪಾಲು ನಾಶವಾಗಿರುತ್ತದೆ.

ಸೆಲೆನಿಯಂ ವಿಷಯದಲ್ಲಿ ಅಂದಾಜಿಗೆ ಜಾಗವೇ ಇಲ್ಲ. ದಿನದ ಅಗತ್ಯ ಒಂದರಿಂದ ಒಂದೂಕಾಲು ಮಿಲಿಗ್ರಾಂ. ಕಡಿಮೆಯಾದರೆ ಸ್ನಾಯು ಕೆಡುತ್ತದೆ, ಹೆಚ್ಚಾದರೆ ಬಾಲದ ಕೂದಲು ಉದುರಿ ಗೊರಸು ಬಿರಿಯುತ್ತದೆ, ಬಹಳ ಹೆಚ್ಚಾದರೆ ಕುದುರೆ ಸಾಯುತ್ತದೆ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪೋಲೋ ಪಂದ್ಯಾವಳಿಗೆ ಬಂದಿದ್ದ ಒಂದು ತಂಡದ 21 ಕುದುರೆಗಳು ಕೆಲವೇ ಗಂಟೆಗಳಲ್ಲಿ ಒಂದರ ಹಿಂದೆ ಒಂದರಂತೆ ಸತ್ತವು. ಆಟಕ್ಕೆ ಮುಂಚೆ ಚುಚ್ಚಿದ ಪೂರಕ ಮದ್ದಿನಲ್ಲಿ ಸೆಲೆನಿಯಂ ಪ್ರಮಾಣ ತಪ್ಪಾಗಿ ಅತಿಯಾಗಿತ್ತು. ಬಲ ಬರಲಿ ಎಂಬ ಆಸೆಯಿಂದ ಕೊಟ್ಟದ್ದು. ಆ ಸುದ್ದಿಯನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ. ಎರಡು ಮೂರು ಪೂರಕಗಳನ್ನು ಒಟ್ಟಿಗೆ ಕೊಡುವವರು ಪ್ರತಿಯೊಂದರ ಚೀಟಿಯಿಂದ ಸೆಲೆನಿಯಂ ಅನ್ನು ಹೆಕ್ಕಿ ಕೂಡಿಸಲೇಬೇಕು.

ಲೆಕ್ಕ ಹಾಕಿ ಮುಗಿದ ಮೇಲೆ ಕುದುರೆಯನ್ನು ನೋಡುವುದು ಉಳಿಯುತ್ತದೆ. ಕೆಲಸದ ನಂತರ ನಾಡಿ ಎಷ್ಟು ಬೇಗ ಇಳಿಯುತ್ತದೆ? ಎಂಡ್ಯೂರೆನ್ಸ್ ಸ್ಪರ್ಧೆಗಳಲ್ಲಿ ನಿಮಿಷಕ್ಕೆ 64ರ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ, ದ್ರವದ ಕೊರತೆ ಇರುವ ಕುದುರೆಯ ನಾಡಿ ಇಳಿಯಲು ಒಲ್ಲದು. ವಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಸದ್ದು ಕೇಳಬೇಕು. ಮರುದಿನ ಬೆಳಗ್ಗೆ ತೂಕ ಎಷ್ಟು ಮರಳಿದೆ, ಉಚ್ಚೆಯ ಬಣ್ಣ ಹೇಗಿದೆ, ಲದ್ದಿ ಒಣಗಿ ಗಟ್ಟಿಯಾಗಿದೆಯೇ ಎಂಬುದನ್ನು ಕೆಲಸದ ಪುಸ್ತಕದಲ್ಲಿ ಬೆವರಿನ ಅಂದಾಜಿನ ಪಕ್ಕದಲ್ಲಿಯೇ ಬರೆದಿಡಿ. ಕೆಲವು ವಾರಗಳ ಸಾಲುಗಳು ಸೇರಿದ ಮೇಲೆ ನಿಮ್ಮ ಕುದುರೆ ಲೀಟರುಗಳಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಕಾಣತೊಡಗುತ್ತದೆ. ಹೊಸ ಹುಲ್ಲಿನ ದಾಸ್ತಾನು ಬಂದಾಗ, ಋತು ಬದಲಾದಾಗ ಲೆಕ್ಕವನ್ನು ಮತ್ತೆ ಹಾಕಬೇಕು. ಸಾಧ್ಯವಿದ್ದರೆ ಹುಲ್ಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ನಾನು ಮೇಲೆ ಹಿಡಿದ ಶೇಕಡಾ ಅಂಕಿಗಳ ಜಾಗದಲ್ಲಿ ಅಲ್ಲಿಂದ ಬಂದ ಅಂಕಿಗಳನ್ನು ಇಡಿ.

ಎಷ್ಟು ನಿಧಾನಕ್ಕೆ ಏರಿಸಿದರೂ ಉಪ್ಪು ಬೆರೆಸಿದ ಮೇವನ್ನು ಬಿಟ್ಟುಬಿಡುವ ಕುದುರೆಗಳೂ ಇವೆ. ಅವುಗಳ ಮೇವಿನಲ್ಲಿ ಉಪ್ಪನ್ನು ಬಲವಂತವಾಗಿ ಹೆಚ್ಚಿಸಿದರೆ ಮೇವೇ ಒಳಗೆ ಹೋಗದೆ ಎರಡು ನಷ್ಟ. ಅಂಥವಕ್ಕೆ ಮೇವನ್ನು ಸಾದಾ ಆಗಿಯೇ ಕೊಟ್ಟು, ಒಣಹುಲ್ಲಿನ ಮೇಲೆ ತೆಳು ಉಪ್ಪುನೀರು ಚಿಮುಕಿಸುವುದನ್ನು, ಬೆವರಿ ಬಂದ ಹೊತ್ತಿನಲ್ಲಿ ಉಪ್ಪುನೀರಿನ ಬಕೆಟ್ ಮುಂದಿಡುವುದನ್ನು, ಪುಡಿ ಉಪ್ಪಿನ ಬೋಗುಣಿಯನ್ನು ಬೇರೆ ಬೇರೆ ಜಾಗದಲ್ಲಿ ಇಡುವುದನ್ನು ಮಾಡಿ ನೋಡಬೇಕು. ಬಹುತೇಕ ಕುದುರೆಗಳು ಇವುಗಳಲ್ಲಿ ಒಂದನ್ನು ಒಪ್ಪುತ್ತವೆ. ಯಾವುದನ್ನೂ ಒಪ್ಪದ ಕುದುರೆಗೆ ಬಿಸಿಲಿನ ದೂರದ ಕೆಲಸ ಹಚ್ಚದಿರುವುದೇ ಸರಿ ಎಂದು ನಾನು ಭಾವಿಸುತ್ತೇನೆ. ಕಡಿಮೆ ಬೆವರುವ ಕೆಲಸವನ್ನು, ತಂಪಿನ ಹೊತ್ತಿನಲ್ಲಿ, ಅದರಿಂದ ಮಾಡಿಸಬಹುದು.